ಪರಿಸರ ಆಡಳಿತದಲ್ಲಿ ಎಂ.ಎ. ಮಾಡಲಾ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಹೇಳಿ

ಸಂಡೂರು ಸೀಮೆ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮುಗಿದಿದೆ, ಕೆಮಿಸ್ಟ್ರಿ ಮತ್ತು ಬಾಟನಿ. ಊರು ಸಂಡೂರು ತಾಲ್ಲೂಕು. ಅಪ್ಪನ ಟಿಪ್ಪರ್‌ಗಳು ಅದಿರು ಹೊಡೆಯುತ್ತವೆ, ಮನೆ ನಡೆಯುವುದೇ ಅದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬಾರದು.

ಮನೆಯಲ್ಲಿ ಬಿ.ಇಡಿ. ಮಾಡು ಅನ್ನುತ್ತಾರೆ. ನನ್ನ ಮನಸ್ಸು ಪರಿಸರ ಆಡಳಿತ, ಪರಿಸರ ನೀತಿ ಅಂತ ಇರುವ ಕೋರ್ಸ್‌ಗಳ ಮೇಲಿದೆ. ಆದರೆ ಇದರಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಎನ್ವಿರಾನ್‌ಮೆಂಟಲ್ ಸೈನ್ಸ್ ಎಂ.ಎಸ್ಸಿ.ಗೂ ಇದಕ್ಕೂ ಏನು ವ್ಯತ್ಯಾಸ? ಎರಡು ವರ್ಷ ಓದಿ ಬಂದರೆ ಕೆಲಸ ಸಿಗುತ್ತದಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಲೀಸ್ ಬೌಂಡರಿ

ತಂಗಿ, ನಾನು ಒಂದು ಗಣಿ ಕಂಪನಿಯ ಪರಿಸರ ವಿಭಾಗದಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ನಮ್ಮ ಕಡೆ ಕೆಲಸಕ್ಕೆ ತಗೊಳ್ಳುವಾಗ ಕೇಳುವುದು ಎಂ.ಎಸ್ಸಿ. ಅಥವಾ ಎಂ.ಟೆಕ್. ಧೂಳಿನ ಪ್ರಮಾಣ ಅಳೆಯಲು ಬರುತ್ತದಾ, ನೀರಿನ ಸ್ಯಾಂಪಲ್ ತೆಗೆಯಲು ಬರುತ್ತದಾ, ಚೆಕ್ ಡ್ಯಾಮ್ ಡ್ರಾಯಿಂಗ್ ಓದಲು ಬರುತ್ತದಾ, ಇಷ್ಟೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಿಗೂ ಹೆಚ್ಚಾಗಿ ಇಂಜಿನಿಯರಿಂಗ್ ಅಥವಾ ವಿಜ್ಞಾನದ ಪದವಿ ಕೇಳುತ್ತಾರೆ. ಆಡಳಿತ ಅಂತ ಹೆಸರಿರುವ ಪದವಿ ಬೇಕು ಅನ್ನುವ ನೋಟಿಫಿಕೇಷನ್ ನಾನಂತೂ ನೋಡಿಲ್ಲ.

ನಿನ್ನ ಹತ್ತಿರ ಕೆಮಿಸ್ಟ್ರಿ ಇದೆ. ಅದನ್ನು ಯಾಕೆ ಬಿಡುತ್ತೀಯ?

ಕೆಂಪು ಧೂಳು

ಲೀಸ್ ಬೌಂಡರಿ ಅಣ್ಣ ಹೇಳಿದ್ದು ಕಂಪನಿ ಕೆಲಸದ ಮಟ್ಟಿಗೆ ಸರಿ. ನಾನು ಹೊಸಪೇಟೆಯವನು. ಇಂಥದೇ ಕೋರ್ಸ್ ಮಾಡಿ ಈಗ ಬೆಂಗಳೂರಿನಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಎಂ.ಎಸ್ಸಿ.ಯಲ್ಲಿ ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಅಳೆಯಲು ಕಲಿಸುತ್ತಾರೆ. ಇಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಧೂಳು ಇರಬಹುದು ಅಂತ ತೀರ್ಮಾನಿಸಿದವರು ಯಾರು? ಆ ಹಂತದಲ್ಲಿ ಊರಿನವರಿಗೆ ಮಾತಿತ್ತಾ? ಷರತ್ತು ಮುರಿದರೆ ಹಿಡಿಯುವವರು ಯಾರು? ದಂಡದ ದುಡ್ಡು ಎಲ್ಲಿಗೆ ಹೋಗುತ್ತದೆ?

ನಮ್ಮ ಕ್ಲಾಸಿನಲ್ಲಿ ನನಗೆ ತಲೆ ತಿರುಗಿಸಿದ ಒಂದು ವಿಷಯ ಹೇಳುತ್ತೇನೆ. 2013ರ ಏಪ್ರಿಲ್ 18. ಆ ದಿನ ಸುಪ್ರೀಂ ಕೋರ್ಟ್‌ನ ಅರಣ್ಯ ಪೀಠ ಎರಡು ದೊಡ್ಡ ಗಣಿ ತೀರ್ಪು ಕೊಟ್ಟಿತು. ಎರಡರಲ್ಲೂ ಅದೇ ಮೂವರು: ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್. ಒಂದು ನಮ್ಮ ಬಳ್ಳಾರಿಯದು, ಸಮಾಜ ಪರಿವರ್ತನ ಸಮುದಾಯ ಹಾಕಿದ ಕೇಸು. ಇನ್ನೊಂದು ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಕೇಸು.

ನಿಯಮಗಿರಿಯಲ್ಲಿ ಕೋರ್ಟ್ ಏನಂದಿತು? ಗ್ರಾಮಸಭೆ ಕರೆಯಿರಿ, ಬೆಟ್ಟದ ಮೇಲಿನ ಹಕ್ಕಿನ ವಿಷಯ ಅಲ್ಲಿನ ಜನರೇ ನೋಡಲಿ ಅಂದಿತು. ಹನ್ನೆರಡು ಊರುಗಳಲ್ಲಿ ಸಭೆ ನಡೆದವು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ.

ಬಳ್ಳಾರಿಯಲ್ಲಿ? ಇಲ್ಲಿ ಗಣಿ ಮೊದಲೇ ಬಂದು ಗುಡ್ಡ ತಿಂದು ಆಗಿತ್ತು ಅನ್ನಿ. 2011ರ ಜುಲೈನಲ್ಲಿ ಕೋರ್ಟ್ ಎಲ್ಲವನ್ನೂ ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯವರ ಎರಡನೇ ಲೋಕಾಯುಕ್ತ ವರದಿ ಬಂದದ್ದೂ ಅದೇ ತಿಂಗಳು. ಆಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿ, ಅಂದರೆ ಸಿಇಸಿ, ಗುತ್ತಿಗೆಗಳನ್ನು ಎ, ಬಿ, ಸಿ ಅಂತ ಮೂರು ಪಾಲು ಮಾಡಿತು. ಎ ಅಂದರೆ ಅಕ್ರಮ ಇಲ್ಲ ಅಥವಾ ತೀರಾ ಕಡಿಮೆ. ಬಿ ಅಂದರೆ ಗಡಿ ದಾಟಿ ಅಗೆದದ್ದು ಗುತ್ತಿಗೆ ಜಾಗದ ಶೇ. 10ರ ಒಳಗೆ, ಹೊರಗೆ ಮಣ್ಣು ಸುರಿದದ್ದು ಶೇ. 15ರ ಒಳಗೆ. ಅದಕ್ಕಿಂತ ಜಾಸ್ತಿ ಆದರೆ ಸಿ. ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆ ರದ್ದಾದವು. ಜಿಲ್ಲೆಗೆ ವರ್ಷಕ್ಕೆ 25 ಮಿಲಿಯನ್ ಟನ್ ಮಿತಿ ಬಂತು. ಮಾರಾಟದ ದುಡ್ಡಿನಲ್ಲಿ ಒಂದು ಭಾಗ ಪುನಶ್ಚೇತನಕ್ಕೆ ಅಂತ ಎತ್ತಿಟ್ಟರು.

ಅದೇ ದಿನ, ಅದೇ ಪೀಠ. ಒಂದು ಕಡೆ ಊರಿನ ಸಭೆ. ಇನ್ನೊಂದು ಕಡೆ ಸಮಿತಿ, ಸರ್ವೆ, ಪರ್ಸೆಂಟೇಜು. ನಮ್ಮ ಊರುಗಳನ್ನು ಯಾಕೆ ಯಾರೂ ಕೇಳಲಿಲ್ಲ? ಕೇಳಿದ್ದರೆ ಏನಾಗುತ್ತಿತ್ತು? ಟಿಪ್ಪರ್ ಇರುವವರು, ಹೊಲ ಇರುವವರು, ಎರಡೂ ಇರುವವರು ಒಂದೇ ಮಾತು ಹೇಳುತ್ತಿದ್ದರಾ? ಪರಿಸರ ಆಡಳಿತ ಓದುವುದು ಅಂದರೆ ಇಂಥದನ್ನು ಹಿಡಿದು ಕೂರುವುದು. ಸಂಡೂರಿನಿಂದ ಬಂದವರಿಗೆ ಅರ್ಧ ಸಿಲಬಸ್ ಮನೆ ಮುಂದಿನ ರಸ್ತೆಯಲ್ಲೇ ಓಡಾಡುತ್ತಿರುತ್ತದೆ.

ವಕೀಲಿಕೆ

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಕರಾರು. ಎರಡು ಕೇಸನ್ನು ಹೀಗೆ ಪಕ್ಕಪಕ್ಕ ಇಟ್ಟರೆ ಕೋರ್ಟ್ ಮನಸ್ಸಿಗೆ ಬಂದಂತೆ ಮಾಡಿತು ಅನ್ನಿಸುತ್ತದೆ. ಹಾಗಲ್ಲ. ನಿಯಮಗಿರಿಯಲ್ಲಿ ಗಣಿ ಇನ್ನೂ ಶುರುವಾಗಿರಲಿಲ್ಲ. ಅಲ್ಲಿನ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂಡರ ಅರಣ್ಯ ಹಕ್ಕು ಮತ್ತು ಬೆಟ್ಟದ ದೇವರ ಪ್ರಶ್ನೆ ಇತ್ತು. ಇಲ್ಲಿ ಕೋರ್ಟ್ ಮುಂದೆ ಇದ್ದದ್ದು ಲೂಟಿ ನಿಲ್ಲಿಸುವ ಪ್ರಶ್ನೆ. ಜೊತೆಗೆ ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಬುಡಕಟ್ಟಿನವರಿಗೆ ವಿಶೇಷ ರಕ್ಷಣೆ ಇರುವ ಪ್ರದೇಶ, ಒಂದೂ ಇಲ್ಲ. ಹಾಗಾಗಿ ಅಂಥ ಕಡೆ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮಗೆ ಸಿಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇಲ್ಲೂ ಇದೆ, ನಿಜ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನಿಂದ, ಅಂದರೆ 75 ವರ್ಷದಿಂದ ಆ ಕಾಡಿನ ಮೇಲೆ ಬದುಕಿದ್ದೇವೆ ಅಂತ ತೋರಿಸಬೇಕು. ಕುರಿ ಮೇಯಿಸಿದವರ ಹತ್ತಿರ ಯಾವ ರಸೀದಿ ಇರುತ್ತದೆ ಹೇಳಿ?

ಸಂಡೂರು ಸೀಮೆಯವರಿಗೆ ನನ್ನ ಸಲಹೆ: ಎಂ.ಎ. ಬದಲು ಮೂರು ವರ್ಷದ ಎಲ್‌ಎಲ್‌.ಬಿ. ನೋಡಿ. ಬಳ್ಳಾರಿಯಲ್ಲೇ ಓದಬಹುದು, ಫೀಸೂ ಕಡಿಮೆ. ಪರಿಸರ ಅನುಮತಿ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ ಟೈಮು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ, ಅಷ್ಟೇ. ನಮ್ಮ ಪೀಠ ಇರುವುದು ಚೆನ್ನೈನಲ್ಲಿ. ಎಷ್ಟೋ ಊರಿನವರಿಗೆ ಅನುಮತಿ ಸಿಕ್ಕಿದೆ ಅಂತ ಗೊತ್ತಾಗುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಆಗ ಬೇಕಾಗುವುದು ವಕೀಲರು.

ಕೆಂಪು ಧೂಳು

ತಕರಾರು ಒಪ್ಪಿದೆ ಮೇಡಂ. ಆದರೆ ಬಾಗಿಲು ಮುಚ್ಚುವುದಕ್ಕೆ ಮುಂಚಿನ ಹಂತಗಳ ಮೇಲೆ ಕೆಲಸ ಮಾಡುವವರೂ ಬೇಕಲ್ವಾ? ಆ 25 ಮಿಲಿಯನ್ ಟನ್ ಅಂಕಿಯನ್ನೇ ನೋಡಿ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಮಂಡಳಿ ಐಸಿಎಫ್‌ಆರ್‌ಇ ಮಾಡಿದ ಅಧ್ಯಯನ, ಅದರ ಮೇಲೆ ಸಿಇಸಿ ಶಿಫಾರಸು, ಅದರ ಮೇಲೆ ಕೋರ್ಟ್ ಆದೇಶ. ಬಳ್ಳಾರಿ ಪಾಲು 2017ರಲ್ಲಿ 28 ಆಯಿತು. 2022ರಲ್ಲಿ 35 ಆಯಿತು. ಪ್ರತಿ ಸಲ ಅಂಕಿ ಮೇಲೆ ಹೋಗುವಾಗ ಯಾವ ವಾದ ಇತ್ತು, ರಸ್ತೆ ಮತ್ತು ಗಾಳಿಯ ಲೆಕ್ಕ ಯಾರು ಕೊಟ್ಟರು, ಅದಿರು ಸಾಗಿಸಲು ಕನ್ವೇಯರ್ ಬೆಲ್ಟ್ ಹಾಕುತ್ತೇವೆ ಅಂದದ್ದು ಎಷ್ಟು ಆಯಿತು? ಇದನ್ನು ಕೂತು ಓದುವವರು ಕಡಿಮೆ.

ಬಂಡೆ ಮಾತು

ಇಷ್ಟೆಲ್ಲ ಓದಿ ಕೊನೆಗೆ ಎನ್‌ಜಿಒದಲ್ಲಿ ಬ್ಯಾನರ್ ಹಿಡಿಯುವುದು. ಸುಮ್ನೆ ಬಿ.ಇಡಿ. ಮಾಡಿ.

ಸಂಡೂರು ಸೀಮೆ

ನಮ್ಮ ಮನೆಯಲ್ಲಿ ಈ ಮಾತು ಹೇಳಲು ಜನ ಸಾಕಷ್ಟಿದ್ದಾರೆ ಅಣ್ಣ, ನೀವು ದಣಿಯಬೇಡಿ. 🙂

ವಕೀಲಿಕೆ ಮೇಡಂ, ಎಲ್‌ಎಲ್‌.ಬಿ. ಯೋಚನೆ ಬಂದಿರಲೇ ಇಲ್ಲ. ಧನ್ಯವಾದ.

ಕೊನೇ ತೂಬು

ನಾನು ರೈತ. ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನನ್ನ ಮಗನೂ ಇಂಥದೇ ಏನೋ ಓದುತ್ತಿದ್ದಾನೆ. ರಜೆಗೆ ಬಂದಾಗ ಪುಸ್ತಕದ ಮಾತು ಆಡುತ್ತಾನೆ. ಮೊದಲು ನಗು ಬರುತ್ತಿತ್ತು. ಈಗ ಕೂತು ಕೇಳುತ್ತೇನೆ.

ನೀವೆಲ್ಲ ಗಣಿ ಗಣಿ ಅನ್ನುತ್ತೀರಿ. ನೀರು ಹಂಚುವುದೂ ಇದೇ ವಿಷಯ ಅಲ್ವಾ? ನಮ್ಮ ಕಾಲುವೆ ಮಾಡಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಜೋಳ, ಹತ್ತಿ, ಶೇಂಗಾ. ಮೇಲ್ಭಾಗದವರು ಭತ್ತಕ್ಕೆ ಇಳಿದರು. ಗಂಗಾವತಿ ಭತ್ತದ ಕಣಜ ಆಯಿತು, ನಮ್ಮ ತೂಬು ಒಣಗಿತು. ಡ್ಯಾಮಿನಲ್ಲೂ ಹೂಳು. ಕಟ್ಟುವಾಗ 133 ಟಿಎಂಸಿ ಇದ್ದದ್ದು ಈಗ 105ರ ಹತ್ತಿರ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಿತ್ತು ಹೋದಾಗ ಎಲ್ಲರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. ತುಂಗಭದ್ರಾ ಬೋರ್ಡು, ರಾಜ್ಯ, ಪಕ್ಕದ ರಾಜ್ಯ.

ಮಗ ಹೇಳಿದ ಒಂದು ಸಂಗತಿ ತಲೆಯಲ್ಲಿ ಕೂತಿದೆ. ರಾಬರ್ಟ್ ವೇಡ್ ಅನ್ನುವ ಪಂಡಿತರು ನಮ್ಮ ಪಕ್ಕದ ಕರ್ನೂಲು ಜಿಲ್ಲೆಯ ಕಾಲುವೆ ಊರುಗಳಲ್ಲಿ ಅಧ್ಯಯನ ಮಾಡಿದ್ದಾರಂತೆ. ಕೆಲವು ಊರಿನವರು ತಾವೇ ದುಡ್ಡು ಹಾಕಿ ನೀರು ಬಿಡುವವರನ್ನು, ಹೊಲ ಕಾಯುವವರನ್ನು ನೇಮಿಸಿಕೊಂಡಿದ್ದರು. ಎಲ್ಲ ಊರಲ್ಲೂ ಅಲ್ಲ. ಕಾಲುವೆಯ ಕೆಳಗಡೆ, ನೀರಿನ ಕಷ್ಟ ಜಾಸ್ತಿ ಇದ್ದ ಊರುಗಳಲ್ಲಿ. ಮೇಲೆ ನೀರು ಸಲೀಸಾಗಿ ಸಿಗುವವರಿಗೆ ಒಗ್ಗಟ್ಟು ಯಾಕೆ ಬೇಕು? ಇದನ್ನು ನಮ್ಮ ನೀರುಗಂಟಿಗೆ ಹೇಳಿದರೆ, ‘ಇದಕ್ಕೆ ಫಾರಿನ್ನಿನಿಂದ ಬರಬೇಕಿತ್ತಾ’ ಅಂದ.

ಕೆಂಪು ಧೂಳು

ಯಜಮಾನರೇ, ಆ ಅಧ್ಯಯನ ನಮ್ಮ ಕೋರ್ಸಿನಲ್ಲಿ ಇತ್ತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಮ್ ಅವರ ಹೆಸರು ಈ ಓದಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹುಲ್ಲುಗಾವಲು, ಕೆರೆ, ಮೀನು ಇಂಥದನ್ನು ಎಲ್ಲರೂ ಸೇರಿ ಹಾಳು ಮಾಡಿಯೇ ಮಾಡುತ್ತಾರೆ ಅಂತ 1968ರಲ್ಲಿ ಹಾರ್ಡಿನ್ ವಾದಿಸಿದ್ದರು. ಹಾಗೇನಿಲ್ಲ, ಜನ ನಿಯಮ ಮಾಡಿಕೊಂಡು ನೂರಾರು ವರ್ಷ ಉಳಿಸಿಕೊಂಡ ಉದಾಹರಣೆ ಇವೆ ಅಂತ ಓಸ್ಟ್ರಮ್ ತೋರಿಸಿದರು. ಯಾವ ಸ್ಥಿತಿಯಲ್ಲಿ ಆಗುತ್ತದೆ, ಯಾವಾಗ ಆಗುವುದಿಲ್ಲ ಅಂತಲೂ ಹೇಳಿದರು. ನಮ್ಮ ಕಡೆ ನೀರು ಬಳಕೆದಾರರ ಸಂಘಗಳು ಕಾಗದದ ಮೇಲೆ ಎಲ್ಲ ಕಡೆ ಇವೆ. ಎಲ್ಲಿ ನಡೆಯುತ್ತವೆ, ಎಲ್ಲಿ ಹೆಸರಿನ ಫಲಕ ಮಾತ್ರ ಇದೆ? ಒಂದು ಥೀಸಿಸ್‌ಗೆ ಸಾಕಾಗುವಷ್ಟು ವಿಷಯ.

ಕೊಪ್ಪಳದ ಮೇಷ್ಟ್ರು

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

371ಜೆ ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯದು, ಮಾಡಿಸಿಟ್ಟುಕೊಳ್ಳಮ್ಮ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಶೇ. 70 ಸೀಟು ನಮ್ಮ ಭಾಗದವರಿಗೆ. ರಾಜ್ಯದ ಉಳಿದ ಕಡೆ ಸರ್ಕಾರಿ ಸಂಸ್ಥೆಗಳಲ್ಲಿ ಶೇ. 8. ಆದರೆ ನೀನು ಹೇಳುವ ಕೋರ್ಸು ಹೆಚ್ಚಾಗಿ ಕೇಂದ್ರದ ಅಥವಾ ಖಾಸಗಿ ಸಂಸ್ಥೆಗಳಲ್ಲಿ ಇರುತ್ತದೆ, ಅಲ್ಲಿ ಇದು ನಡೆಯುವುದಿಲ್ಲ.

ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಂದರೆ ಟಿಸ್‌ನಲ್ಲಿ ಪರಿಸರ, ಹವಾಮಾನದ ಸ್ನಾತಕೋತ್ತರ ಕೋರ್ಸ್ ಇದೆ. ಪ್ರವೇಶ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಿಂದ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿ.ವಿ.ಯಲ್ಲಿ ಡೆವಲಪ್‌ಮೆಂಟ್ ಎಂ.ಎ. ಇದೆ, ಮನೆಯ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ. ಬೆಂಗಳೂರಿನದೇ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಇದೆ. ಪರಿಸರ ಕಾನೂನಿನ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲೂ ನಡೆಸುತ್ತಾ ಬಂದಿದ್ದಾರೆ. ಮನೆಯಲ್ಲಿ ಕಳಿಸದಿದ್ದರೆ ಬಿ.ಇಡಿ. ಜೊತೆಗೇ ಅದನ್ನು ಮಾಡಬಹುದು, ಯೋಚಿಸು. ಮುಂದೆ ಪಿಎಚ್‌.ಡಿ. ಅಂದರೆ ಏಟ್ರೀ, ಐಸೆಕ್ ಅನ್ನುವ ಸಂಶೋಧನಾ ಸಂಸ್ಥೆಗಳು ಎರಡೂ ಬೆಂಗಳೂರಿನಲ್ಲೇ ಇವೆ.

ವಿದೇಶದ ಆಸೆ ಇದ್ದರೆ ಜರ್ಮನಿಯ ಫ್ರೈಬರ್ಗ್ ವಿ.ವಿ. ಸರಿಯಾಗಿ ಪರಿಸರ ಆಡಳಿತ ಅನ್ನುವ ಹೆಸರಿನದೇ ಎಂ.ಎಸ್ಸಿ.ಯನ್ನು ಇಂಗ್ಲಿಷಿನಲ್ಲಿ ಬಹಳ ವರ್ಷ ನಡೆಸಿದೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅನ್ನುವ ಮಾತು ಪೂರ್ತಿ ನಂಬಬೇಡ. ಫ್ರೈಬರ್ಗ್ ಇರುವ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಹಾಕುತ್ತಿದ್ದಾರೆ. ವೀಸಾಗೆ ಖಾತೆಯಲ್ಲಿ ತೋರಿಸಬೇಕಾದ ದುಡ್ಡೇ 11,904 ಯೂರೊ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದಲ್ಲಿ ಓದಲು ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ಇದೆ. ಆದರೆ 2022ರಲ್ಲಿ ಅದರ ನಿಯಮ ಬದಲಾಯಿಸಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು ಹೊರಗಿಟ್ಟರು. ಬಳ್ಳಾರಿ ಗಣಿಯ ಮೇಲೆ ಥೀಸಿಸ್ ಬರೆಯುತ್ತೇನೆ ಅನ್ನುವವರು ಆ ಸಾಲನ್ನು ಎರಡು ಸಲ ಓದಿ ಅರ್ಜಿ ಹಾಕಬೇಕು. ಬ್ರಿಟನ್ನಿನ ಚೀವನಿಂಗ್ ಸ್ಕಾಲರ್‌ಶಿಪ್‌ಗೆ, ಜರ್ಮನಿಯ ಡಾಡ್ ಸಂಸ್ಥೆಯ ಅಭಿವೃದ್ಧಿ ವಿಷಯದ ಸ್ಕಾಲರ್‌ಶಿಪ್‌ಗಳಿಗೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಡಿಗ್ರಿ ಮುಗಿದ ತಕ್ಷಣ ಆಗುವುದಿಲ್ಲ.

ಲೀಸ್ ಬೌಂಡರಿ

ಮೇಷ್ಟ್ರೇ, ಅದೇ ನಾನು ಹೇಳುವುದು. ಮೊದಲು ಎರಡು ವರ್ಷ ಕೆಲಸ ಮಾಡಲಿ. ಇಐಎ, ಅಂದರೆ ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿ ಬರೆಯುವ ಕನ್ಸಲ್ಟೆಂಟ್ ಕಂಪನಿಗಳಿವೆ, ನ್ಯಾಬೆಟ್ ಅನ್ನುವ ಮಂಡಳಿಯ ಮಾನ್ಯತೆ ಇರುವಂಥವು. ಅಲ್ಲಿ ಗಾಳಿಗೆ, ನೀರಿಗೆ, ಜೀವವೈವಿಧ್ಯಕ್ಕೆ, ಸಾಮಾಜಿಕ ಸ್ಥಿತಿಗೆ ಅಂತ ಬೇರೆ ಬೇರೆ ಪರಿಣತರು ಬೇಕು. ಒಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಗಣಿ ಬೇಕು ಅನ್ನುವವನೇ ಕನ್ಸಲ್ಟೆಂಟ್‌ಗೆ ದುಡ್ಡು ಕೊಡುತ್ತಾನೆ. ಗಣಿಯಿಂದ ತೊಂದರೆ ಇದೆಯಾ ಅಂತ ಕನ್ಸಲ್ಟೆಂಟ್ ಬರೆಯುತ್ತಾನೆ. ಈ ಏರ್ಪಾಡಿನ ಬಗ್ಗೆ ನಿಮ್ಮ ಕ್ಲಾಸಿನಲ್ಲಿ ಏನು ಹೇಳುತ್ತಾರೋ ಗೊತ್ತಿಲ್ಲ, ನಮ್ಮ ಕ್ಯಾಂಟೀನಿನಲ್ಲಿ ನಗುತ್ತಾರೆ.

ವಕೀಲಿಕೆ

ನಗುವ ಕಡೆಯೇ ಒಂದು ಮಾತು. ಸಾರ್ವಜನಿಕ ಆಲಿಕೆ ಸಭೆ ಎಷ್ಟು ಜನ ನೋಡಿದ್ದೀರಿ? 2006ರ ಇಐಎ ಅಧಿಸೂಚನೆಯಲ್ಲಿ ಕ್ರಮ ಪೂರ್ತಿ ಬರೆದಿದೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ. ಸಭೆಯ ಕೊನೆಯಲ್ಲಿ ಜನ ಹೇಳಿದ್ದರ ಸಾರವನ್ನು ಅಲ್ಲೇ, ಜನರ ಭಾಷೆಯಲ್ಲಿ ಓದಿ ಹೇಳಬೇಕು. ಅದೇ ದಿನ ಸಹಿ ಆಗಬೇಕು. ಆದರೆ ಇಷ್ಟೇ ಜನ ಇರಬೇಕು ಅನ್ನುವ ಕೋರಂ ಇಲ್ಲ. ವಿರೋಧ ಬಂದರೆ ಯೋಜನೆ ನಿಲ್ಲಬೇಕು ಅಂತಲೂ ಇಲ್ಲ. ಹೇಳಿದ್ದು ದಾಖಲಾಗುತ್ತದೆ, ಉತ್ತರ ಕೊಡಬೇಕು, ಅಷ್ಟೇ.

ಕೊನೆಗೆ ಓದಿ ಹೇಳುವ ಆ ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. ಅಲ್ಲಿ ಕೂತು ‘ನಮ್ಮ ಬೋರ್‌ವೆಲ್ ಮಾತು ಬಿಟ್ಟಿದ್ದೀರಿ, ಸೇರಿಸಿ’ ಅನ್ನುವ ಒಬ್ಬರು ಊರಿಗೆ ಬೇಕು.

ಕೊಪ್ಪಳದ ಮೇಷ್ಟ್ರು

ನಮ್ಮಲ್ಲಿ ಆದದ್ದನ್ನು ನೋಡಿ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ ವೇದಿಕೆ ಹತ್ತಿ ಮಾತಾಡಿದರು. ಆಮೇಲೆ ಕೆಲಸ ನಿಲ್ಲಿಸಿ ಅಂತ ಮುಖ್ಯಮಂತ್ರಿ ಸೂಚಿಸಿದರು. ಜನರ ಜೊತೆ ನಾನೂ ಖುಷಿಪಟ್ಟೆ. ಆದರೆ ಬಾಯಿಮಾತಿನ ಆದೇಶ ಯಾವ ಕಾಯ್ದೆಯ ಯಾವ ಕಲಂನಲ್ಲಿ ಬರುತ್ತದೆ? ನಾಳೆ ಬೇರೆಯವರು ಬಂದು ಬೇರೆ ಮಾತು ಹೇಳಿದರೆ? ಸಾವಿರಾರು ಜನ ಬೀದಿಗೆ ಬಂದದ್ದು ಫೈಲಿನಲ್ಲಿ ಎಲ್ಲಿ ಕೂರುತ್ತದೆ? ಕ್ಲಾಸಿನಲ್ಲಿ ಇದನ್ನು ಕೇಳಿ ಬರಲಿ ಈ ಹುಡುಗಿ.

ಸಂಡೂರು ಸೀಮೆ

ನಿನ್ನೆ ರಾತ್ರಿ ಅಪ್ಪನಿಗೆ ಇಡೀ ಚರ್ಚೆ ಓದಿ ಹೇಳಿದೆ. ಟಿಪ್ಪರ್ ಇರುವವರು ಏನು ಹೇಳುತ್ತಿದ್ದರು ಅನ್ನುವ ಜಾಗದಲ್ಲಿ ನಿಲ್ಲಿಸಿದರು. 2011ರಲ್ಲಿ ಎಲ್ಲ ನಿಂತಾಗ ಗಾಡಿ ಕಂತು ಕಟ್ಟಲಾಗದೆ ಮಾರಿದವರ ಹೆಸರು ಒಂದೊಂದಾಗಿ ಹೇಳಿದರು. ‘ಕಂಪನಿಗೆ ಎ, ಬಿ, ಸಿ ಮಾಡಿದರಲ್ಲ, ಡ್ರೈವರ್‌ಗಳಿಗೆ ಯಾವ ಅಕ್ಷರ ಕೊಟ್ಟರು ಅಂತ ನಿಮ್ಮ ಕಾಲೇಜಿನಲ್ಲಿ ಕೇಳು’ ಅಂದರು. ಕಾಲೇಜಿನಲ್ಲಿ ಕೇಳು ಅಂದದ್ದನ್ನು ಒಪ್ಪಿಗೆ ಅಂತಲೇ ತಗೊಂಡಿದ್ದೇನೆ.

ಟಿಸ್‌ಗೂ ಅಜೀಂ ಪ್ರೇಮ್‌ಜಿಗೂ ಅರ್ಜಿ ಹಾಕುತ್ತೇನೆ. ಯಾಕೆ ಓದಬೇಕು ಅಂತ ಒಂದು ಬರಹ ಕೊಡಬೇಕಲ್ಲ, ಅದರಲ್ಲಿ ಏನು ಬರೆಯಲಿ? ಬಾಲ್ಯದಲ್ಲಿ ಹಸಿರು ಗುಡ್ಡ ಇತ್ತು ಅಂತ ಶುರು ಮಾಡಿದ್ದೆ.

ಕೆಂಪು ಧೂಳು

ಹಸಿರು ಗುಡ್ಡ ತೆಗೆದುಬಿಡು. ಅರ್ಜಿ ಓದುವವರ ಮುಂದೆ ಅಂಥವು ರಾಶಿ ಇರುತ್ತವೆ. ನಿಮ್ಮಪ್ಪ ಕೇಳಿದ ಪ್ರಶ್ನೆಯಿಂದ ಶುರು ಮಾಡು. ಅದರ ಬೆನ್ನಿಗೆ ದುಡ್ಡಿನ ಜಾಡು ಹಿಡಿ.

ಎರಡು ಚೀಲ ಇವೆ, ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು ಜಿಲ್ಲಾ ಖನಿಜ ನಿಧಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಶುರುವಾದದ್ದು. ಹಳೆ ಗುತ್ತಿಗೆಯವರು ರಾಯಲ್ಟಿಯ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಕಟ್ಟುತ್ತಾರೆ. ಕುಡಿಯುವ ನೀರು, ಆರೋಗ್ಯ, ಶಾಲೆ, ಪರಿಸರ ಇಂಥದಕ್ಕೆ ದೊಡ್ಡ ಪಾಲು ಹೋಗಬೇಕು. ಇದರ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಬೇಕು ಅಂತ 2021ರಲ್ಲಿ ಕೇಂದ್ರ ಹೇಳಿತು. ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ದುಡ್ಡು. ಅದು ಕೆಎಂಇಆರ್‌ಸಿ ಅನ್ನುವ ರಾಜ್ಯದ ನಿಗಮದ ಕೈಯಲ್ಲಿದೆ. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ. ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು 2022ರಲ್ಲಿ ಕೋರ್ಟ್ ನೇಮಿಸಿತು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಗುಡ್ಡದ ಸಾಲು ಒಂದೇ, ಜಿಲ್ಲೆ ಎರಡು. ಧೂಳು ತಿನ್ನುವ ಊರಿಗೆ ಯಾವ ಚೀಲದಿಂದ ಏನು ಬಂತು? ನಿನ್ನ ತಾಲ್ಲೂಕಿನ ಒಂದೇ ಊರು ಹಿಡಿದು ಬರೆ.

ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವುದು, ಮತ್ತು ಸ್ವಲ್ಪ ಅಂಕಿಸಂಖ್ಯೆ ಈಗಿನಿಂದಲೇ ಕಲಿ. ಈ ಕೋರ್ಸಿನವರು ಮಾತಿಗೆ ಹುಷಾರು, ಮ್ಯಾಪಿಗೆ ಸೋಮಾರಿ. ನನ್ನ ಬ್ಯಾಚಿನಲ್ಲಿ ಮೊದಲು ಕೆಲಸ ಸಿಕ್ಕಿದ್ದು ಎರಡೂ ಬರುತ್ತಿದ್ದವರಿಗೆ.

ಸಂಡೂರು ಸೀಮೆ

ಒಂದು ಊರಿನ ಲೆಕ್ಕ ಕೇಳಿದರೆ ಕೊಡುತ್ತಾರಾ?

ವಕೀಲಿಕೆ

ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಇದನ್ನು ಮರೆತರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಯಾವ ವರ್ಷದಿಂದ ಯಾವ ವರ್ಷ, ಯಾವ ಗ್ರಾಮ ಪಂಚಾಯಿತಿ ಅಂತ ಬರೆಯಿರಿ. ‘ಎಲ್ಲ ಮಾಹಿತಿ ಕೊಡಿ’ ಅನ್ನಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ.

ಲೀಸ್ ಬೌಂಡರಿ

ಗಣಿಗಳ ಕಂಪ್ಲಯನ್ಸ್ ರಿಪೋರ್ಟ್‌ಗೆ, ಅಂದರೆ ಷರತ್ತು ಪಾಲಿಸಿದ ವರದಿಗೆ, ಆರ್‌ಟಿಐ ಕೂಡ ಬೇಡ ತಂಗಿ. ಪರಿಸರ ಅನುಮತಿ ಪಡೆದವರು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಲೇಬೇಕು, ಅವು ಸಾರ್ವಜನಿಕ ದಾಖಲೆ. ಮೊದಲು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕು. ಷರತ್ತು ಒಂದು ಕಡೆ, ಪಾಲಿಸಿದ್ದೇವೆ ಅನ್ನುವ ಉತ್ತರ ಇನ್ನೊಂದು ಕಡೆ ಇರುತ್ತದೆ. ರಸ್ತೆಗೆ ನೀರು ಹೊಡೆಯುವ ಷರತ್ತನ್ನು ಮೊದಲು ನೋಡು. ಆಮೇಲೆ ಅಪ್ಪನ ಟಿಪ್ಪರ್‌ನಲ್ಲಿ ಕೂತು ಅದೇ ರಸ್ತೆಯಲ್ಲಿ ಹೋಗು. ನಮ್ಮ ಕಂಪನಿಯದನ್ನೂ ಓದು, ಆದರೆ ಇಲ್ಲಿ ಹಾಕಬೇಡ.